ಗುಡಾರದಲ್ಲಿ ತುಂಬಿದ ಉಡಿ

ಚೀಲಗಳನ್ನು ಕಾರಿಗೆ ಹಾಕಿ ಹೊರಟಿದ್ದೆವು. ಗುಡಾರದ ಒಡತಿ ಮಮತಾಜ್‌ಬಿ ನನ್ನ ಕೈ ಹಿಡಿದು ಮತ್ತೆ ಒಳಗೆ ಕರೆದೊಯ್ದರು. ಏನೋ ಮರೆತಿರಬೇಕು ಅಂದುಕೊಂಡೆ. ಮುನವಳ್ಳಿ ಹತ್ತಿರ, ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಅವರ ಮನೆಯವರು ಬಾಡಿಗೆಗೆ ಕೊಡುವ, ಯರ್ಟ್ ಎನ್ನುವ ದುಂಡು ಗುಡಾರವದು. ಗಂಡ, ಮಗಳೊಂದಿಗೆ ಹಿಂದಿನ ದಿನವಷ್ಟೇ ಬಂದು ತಂಗಿದ್ದೆ.

ಚಾಪೆ ಹಾಸಿ, ಮೂಡಣದ ಬಾಗಿಲ ಕಡೆ ನನ್ನ ಮುಖ ತಿರುಗಿಸಿ, "ಕುಂದರ್ರಿ ಅಕ್ಕಾರ, ಉಡಿ ಒಡ್ಡ್ರಿ" ಎಂದರು.

"ಬಾಡಿಗಿಗೆ ಬಂದವ್ರಿಗೆ ಉಡಿ ಯಾಕ್ರೀ?" ಎಂದು ನಕ್ಕೆ.

"ಒಂದ್ ರಾತ್ರಿ ಮಲಗಿದ್ರೂ ಮನಿ ಮನೀನ ರೀ. ಹೆಣ್ಮಗಳು ಬರೇ ಉಡೀಲೆ ಹೋಗಬಾರದು."

ಸೆರಗಿರಲಿಲ್ಲ, ಚೂಡಿದಾರದ ವೇಲನ್ನೇ ಒಡ್ಡಿದೆ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿದರು. ಕುಪ್ಪಸದ ಖಣ ಅವರ ಬಳಿ ಇರಲಿಲ್ಲ. ಗುಡಾರದ ಒಳಗೋಡೆಗೆ ತಾವೇ ಹೊಲಿದ ಮೇಲೆ ಉಳಿದಿದ್ದ ಹಳದಿ ಹೂವಿನ ಬಟ್ಟೆಯನ್ನು ಮಡಚಿ ಮೇಲಿಟ್ಟರು. ಅವ್ವ ತೀರಿಹೋದ ಮೇಲೆ ನನಗೆ ಯಾರೂ ಉಡಿ ತುಂಬಿರಲಿಲ್ಲ. ವೇಲಿನ ತುದಿಗಳನ್ನು ಗಂಟು ಹಾಕಿಕೊಂಡು ಎದ್ದೆ.

ಆ ಬಟ್ಟೆಯಲ್ಲಿ ಕುಪ್ಪಸ ಹೊಲಿಸಿಕೊಂಡಿದ್ದೇನೆ. ಯಾವ ಅಂಗಡಿಯದು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ: ತವರುಮನೆಯದು.