ನನ್ನ ಅಳತೆಗೆ ಬಾರದ ಬಂದೂಕು

ನಮ್ಮ ಮನೆಗೆ ಬಂದೂಕು ಬೇಕು ಎಂದು ಮೊದಲು ಹೇಳಿದವಳು ಅವ್ವ. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಲಿಂಗಪೂಜೆ ಮುಗಿಯದೆ ನೀರು ಮುಟ್ಟದವಳು, ಅಡುಗೆಮನೆಗೆ ಬಂದ ಇರುವೆ ಸಾಲಿಗೆ ಚಿಟಿಕೆ ಹಿಟ್ಟು ಉದುರಿಸುವವಳು ಅವಳು. ಆದರೆ ಭೂಕಂಪದಲ್ಲಿ ಮರಾಠಿ ಸೀಮೆಯ ಲೋಹಾರಾ ಕಡೆಯ ನಮ್ಮ ಹಳ್ಳಿಯ ಕಲ್ಲು-ಮಣ್ಣಿನ ಮಾಳಿಗೆ ಮನೆ ಕುಸಿದು ಅಪ್ಪನ ತಾಯಿ ಅದರಡಿಯಲ್ಲೇ ತೀರಿಹೋಗಿದ್ದರು. ಆಮೇಲೆ ಎರಡು ವರ್ಷ ಪತ್ರಾಸಿನ ತಗಡು ಶೆಡ್ಡಿನಲ್ಲಿ ಕಳೆದು, ತುರೋರಿ ಹತ್ತಿರದ ನಮ್ಮ ಹೊಲದಲ್ಲಿ ಒಂಟಿ ಮನೆ ಕಟ್ಟಿಕೊಂಡೆವು. ಹಳ್ಳಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಕೆಮ್ಮಿದರೆ ಪಕ್ಕದವರು ನೀರು ಬೇಕೇನು ಎಂದು ಕೇಳುತ್ತಿದ್ದರು. ಇಲ್ಲಿ ಹೈವೇ ಲಾರಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಒಂಟಿ ಮನೆಗಳಿಗೆ ಕಳ್ಳರು ನುಗ್ಗುತ್ತಾರಂತೆ ಎಂಬ ಸುದ್ದಿ ಮುರುಮ ಸಂತೆಯಿಂದ ವಾರಕ್ಕೊಮ್ಮೆ ಬರುತ್ತಿತ್ತು. ಯಾರ ಮನೆಗೆ ನುಗ್ಗಿದರು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ಅರ್ಜಿ ಹಾಕಿದರು. ಅವರ ಕಣ್ಣಿಗೆ ಪೊರೆ ಬಂದಿದ್ದರಿಂದ ಅರ್ಜಿ ಅಣ್ಣನ ಹೆಸರಿನಲ್ಲಿ ಹೋಯಿತು. ಪೊಲೀಸರು ಬಂದು ವಿಚಾರಿಸಿದರು, ಚಹಾ ಕುಡಿದರು, ಹೋದರು. ವರ್ಷ ಕಳೆದ ಮೇಲೆ ಲೈಸೆನ್ಸು ಬಂತು. ಆ ವರ್ಷದಲ್ಲಿ ಅಣ್ಣ ಬಂದೂಕು ಎಂಬ ವಸ್ತುವನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಹಿಡಿದವಳು ನಾನು.

ಉದಗೀರದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದ ನಾನು ಎನ್‌ಸಿಸಿಯಲ್ಲಿದ್ದೆ. ಅಲ್ಲಿ ನನ್ನ ಗುರಿ ಚೆನ್ನಾಗಿದೆ ಎಂದು ಕಂಡ ಮೇಷ್ಟ್ರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಭೇದಾರರ ಬಳಿ ಕಳಿಸಿದರು. ಊರ ಹೊರಗೆ ಕಲ್ಲುಮಾಳದಲ್ಲಿ ಅವರ ಜಮೀನಿತ್ತು. ಜೋಳ ಬೆಳೆಯದ ಆ ನೆಲದಲ್ಲಿ ಪರವಾನಗಿ ಪಡೆದು ಅವರು ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಆಟ ಕಲಿಸುತ್ತಿದ್ದರು. ಸ್ಪ್ರಿಂಗಿನ ಒಂದು ಹಳೇ ಯಂತ್ರ ಅಂಗೈಯಗಲದ ಮಣ್ಣಿನ ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತಿತ್ತು. ಅದು ನೆಲಕ್ಕೆ ಬೀಳುವ ಮೊದಲು ಒಡೆಯಬೇಕು. ಪೇಟೆಯ ಬಿಲ್ಲೆ ಸಿಗದಾಗ ಊರಿನ ಕುಂಬಾರರಿಂದಲೇ ತೆಳ್ಳಗೆ ತಟ್ಟಿಸಿ, ಸುಡದೆ ಬಿಸಿಲಿಗೆ ಒಣಗಿಸಿ ತರುತ್ತಿದ್ದರು.

ಮೊದಲ ಮೂರು ಭಾನುವಾರ ಒಂದೂ ತಾಗಲಿಲ್ಲ. ಬಿಲ್ಲೆ ಇರುವ ಕಡೆಗೆ ಹೊಡೆಯುತ್ತಿದ್ದೆ. ಗುಂಡು ಮುಟ್ಟುವಷ್ಟರಲ್ಲಿ ಅದು ಮುಂದೆ ಹೋಗಿರುತ್ತಿತ್ತು. ಅದರ ಜೊತೆಗೇ ಕೈ ಓಡಲಿ, ಸ್ವಲ್ಪ ಮುಂದೆ ಹೋಗಿ ಹೊಡೆ, ಹೊಡೆದ ಮೇಲೂ ಕೈ ನಿಲ್ಲಿಸಬೇಡ ಎಂದು ಅವರು ನೂರು ಸಲ ಹೇಳಿದರು. ನಾಲ್ಕನೆಯ ಭಾನುವಾರ ಒಂದು ಬಿಲ್ಲೆ ಗಾಳಿಯಲ್ಲೇ ಪುಡಿಯಾಗಿ ಕೆಂಪು ಧೂಳು ನನ್ನ ಕಡೆಗೆ ತೇಲಿಬಂತು. ಭೂಕಂಪದ ನಂತರ ಏನೋ ಒಡೆದ ಸದ್ದಿಗೆ ನಾನು ಕಿವಿ ಮುಚ್ಚಿಕೊಳ್ಳದೆ ನಿಂತದ್ದು ಅದೇ ಮೊದಲು. ಆ ವರ್ಷದ ಕೊನೆಗೆ ಇಪ್ಪತ್ತೈದರಲ್ಲಿ ಹದಿನೆಂಟು ಒಡೆಯುತ್ತಿದ್ದೆ.

ಲೈಸೆನ್ಸು ಬಂದಾಗ ಅಪ್ಪ, ಅಣ್ಣ ಇಬ್ಬರೂ ಉದಗೀರಕ್ಕೆ ಬಂದರು. ಸುಭೇದಾರರು ನಮ್ಮನ್ನು ತಮ್ಮ ಪರಿಚಯದ ಬಂದೂಕಿನ ಅಂಗಡಿಗೆ ಕರೆದೊಯ್ದರು. ಅಂಗಡಿಯವರು ಮೇಜಿನ ಮೇಲೆ ಎರಡು ಜೋಡುನಳಿಗೆ ಬಂದೂಕುಗಳನ್ನಿಟ್ಟರು. ಒಂದು ಹಳೆಯದು, ಹಗುರ, ನಳಿಗೆ ಕೊಂಚ ಗಿಡ್ಡ, ಮರದ ಬಣ್ಣ ಮಾಸಿತ್ತು. ಇನ್ನೊಂದು ಹೊಸದು, ಉದ್ದ, ಬದಿಯ ಉಕ್ಕಿನ ಮೇಲೆ ಎರಡು ಬಾತುಕೋಳಿ ಕೊರೆದಿದ್ದರು.

ಸುಭೇದಾರರು ನನಗೆ ಕಣ್ಣು ಮುಚ್ಚಿಸಿದರು. ಹಳೆಯ ಬಂದೂಕನ್ನು ಭುಜಕ್ಕೇರಿಸಿ ಕೆನ್ನೆಯೂರಿ ಆಮೇಲೆ ಕಣ್ಣು ತೆರೆಯಲು ಹೇಳಿದರು. ತೆರೆದಾಗ ನಳಿಗೆಯ ತುದಿಯಲ್ಲಿ ಗುರಿಗೆಂದಿರುವ ಹಿತ್ತಾಳೆ ಮಣಿ ನೇರ ನನ್ನ ಕಣ್ಣ ಮುಂದೆಯೇ ಇತ್ತು. ಹುಡುಕಬೇಕಾಗಲಿಲ್ಲ. ಹೊಸದನ್ನು ಏರಿಸಿದಾಗ ಹಿಂಬದಿಯ ಮರ ಕಂಕುಳಿಗೆ ಸಿಕ್ಕಿಕೊಂಡಿತು, ಮಣಿ ಎಲ್ಲೋ ಎಡಕ್ಕೆ ಹೋಗಿತ್ತು.

ಯಾರು ಹೊಡೆಯುವವರು ಎಂದು ಅವರು ಅಪ್ಪನನ್ನು ಕೇಳಿದರು. ಆಟಕ್ಕೆ ಇವಳು, ಮನೆ ಕಾಯಲು ಅವನು ಎಂದರು ಅಪ್ಪ.

"ಹಂಗಾದರ ಈ ಹಳೇದು ತಗೋರಿ," ಎಂದರು ಸುಭೇದಾರರು. "ಉದ್ದ ಕೈ ಇದ್ದಾಂವ ಇದರ ಹಿಂದ ರಬ್ಬರ ಪಟ್ಟಿ ಹಾಕ್ಕೊಂಡು ನಡಸ್ತಾನ. ಗಿಡ್ಡ ಕೈಯಾಕಿಗೆ ಆ ಉದ್ದಂದು ಎಂದೂ ಬಗ್ಗೂದಿಲ್ಲ. ಮನ್ಯಾಗ, ಬಾಗಲ ಸಂದ್ಯಾಗ ತಿರಗಸ್ಲಿಕ್ಕೂ ಗಿಡ್ಡಂದೇ ಚಲೋ."

ಅಣ್ಣ ಆಗಲೇ ಉದ್ದದ್ದನ್ನು ಹಿಡಿದು ಅಂಗಡಿಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದ. ಅಪ್ಪ ಅವನನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಲೈಸನ್ಸ ಅವನ ಹೆಸರಿಲೆ ಅದರೀ," ಎಂದರು. "ಆಕಿ ನಾಳೆ ಮಂದಿ ಮನಿಗೆ ಹೋಗಾಕಿ. ಆಕಿ ಅಳತಿ ಹಿಡಕೊಂಡು ನಾ ಏನ್ ಮಾಡ್ಲಿ?"

ಬಾತುಕೋಳಿಯ ಬಂದೂಕು ನಮ್ಮ ಮನೆಗೆ ಬಂತು. ಸುಭೇದಾರರು ಅಣ್ಣನನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದರು. ಬಂದೂಕು ಒಂದು ಕಪಾಟಿನಲ್ಲಿ, ಗುಂಡಿನ ತೋಟಾ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಎದುರಿಗಿರುವವರು ಯಾರೆಂದು ಕಣ್ಣಿಗೆ ಕಾಣುವ ತನಕ ಬೆರಳು ಟ್ರಿಗರಿನ ಮೇಲೆ ಹೋಗಕೂಡದು. ಅಣ್ಣ ತಲೆಯಾಡಿಸಿದ. ಮಾಳಕ್ಕೆ ಎರಡು ಭಾನುವಾರ ಕಲಿಯಲು ಬಂದ, ಒಂದೂ ಒಡೆಯಲಿಲ್ಲ. ಕುಂಬಾರರ ಬಿಲ್ಲೆ ಸೊಟ್ಟಗಿವೆ ಎಂದು ಹೇಳಿ ಮೂರನೆಯ ಭಾನುವಾರ ಬರಲಿಲ್ಲ.

ಮನೆಯಲ್ಲಿ ಬಂದೂಕು ಇದ್ದದ್ದು ಕಪಾಟಿನಲ್ಲಲ್ಲ, ಪಡಸಾಲೆಯ ಗೂಟದ ಮೇಲೆ. ಬಂದವರಿಗೆ ಕಾಣಲಿ ಎಂದು. ಅದರೊಳಗೆ ಯಾವಾಗಲೂ ಎರಡು ತೋಟಾ. ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದಾಗ ಅದನ್ನು ಕಂಡು ತೆಗೆದಿಡು ಎಂದೆ. ಕಳ್ಳ ಬಂದಾಗ ಬೀಗದ ಕೈ ಹುಡುಕುತ್ತ ಕೂಡಲೇನು ಎಂದು ಅವನು ನಕ್ಕ. ಅಪ್ಪನಿಗೆ ಹೇಳಿದೆ. ನೀನು ನಿನ್ನ ಕೆಲಸ ನೋಡು ಎಂದರು. ಆಗ ನಿಲಂಗಾದ ಕಾಳಿನ ಅಡತಿ ವ್ಯಾಪಾರದ ಒಂದು ಮನೆತನದವರೊಂದಿಗೆ ನನ್ನ ಮದುವೆಯ ಮಾತು ನಡೆದಿತ್ತು. ಹುಡುಗಿ ಬಂದೂಕು ಹಿಡಿಯುತ್ತಾಳೆಂಬುದು ಅವರ ಕಿವಿಗೆ ಬೀಳಬಾರದೆಂದು ನನ್ನ ಮಾಳದ ಭಾನುವಾರಗಳು ನಿಂತುಹೋಗಿದ್ದವು.

ಅದೇ ಮಾತುಕತೆಗೆ ಅಪ್ಪ ಒಂದು ದಿನ ನಿಲಂಗಾಕ್ಕೆ ಹೋಗಿದ್ದರು. ಚಳಿಗಾಲದ ಮಟಮಟ ಮಧ್ಯಾಹ್ನ. ಅವ್ವ ಒಳಗೆ ಮಲಗಿದ್ದಳು, ನಾನು ಹಿತ್ತಲ ಬಾಗಿಲ ಬಳಿ ತೊಗರಿಬೇಳೆ ಆರಿಸುತ್ತಿದ್ದೆ, ಅಣ್ಣ ಪಡಸಾಲೆಯಲ್ಲಿದ್ದ. ಹಿಂದಿನ ಜೋಳದ ಹೊಲದಲ್ಲಿ ಸರಸರ ಸದ್ದಾಯಿತು, ನಾಯಿ ಬೊಗಳಿತು. ಮುಖಕ್ಕೆ ಟವೆಲ್ಲು ಸುತ್ತಿಕೊಂಡ ಒಬ್ಬ ಮನುಷ್ಯ ಹೊರಬಂದ. ಅಣ್ಣ ಬಂದೂಕು ಹಿಡಿದು ನನ್ನನ್ನು ದಾಟಿ ಬಾಗಿಲಿಗೆ ಓಡಿದ. ಯಾರು ಎಂದು ಕೇಳಲಿಲ್ಲ. ಟವೆಲ್ಲಿನವನ ನಡಿಗೆ ನನಗೆ ಗೊತ್ತಿತ್ತು. ನಿಲ್ಲು ಎಂದು ಕೂಗಿದೆ. ಉದ್ದ ನಳಿಗೆ ಬಾಗಿಲ ಚೌಕಟ್ಟಿಗೆ ಬಡಿಯಿತು, ಅದೇ ಗಳಿಗೆಯಲ್ಲಿ ಸಿಡಿಯಿತು.

ಬಿದ್ದವನು ಹಳ್ಳಿಯಲ್ಲಿ ಹನ್ನೆರಡು ವರ್ಷ ನಮ್ಮ ಹೊಲ ಮಾಡಿದ ಆಳು. ಭೂಕಂಪದ ಬೆಳಿಗ್ಗೆ ಬರಿಗೈಯಲ್ಲಿ ಕಲ್ಲು ಸರಿಸಿ ಮೊದಲು ನನ್ನನ್ನು, ಆಮೇಲೆ ನಮ್ಮ ಅಜ್ಜಿಯ ಶವವನ್ನು ಹೊರಗೆ ತೆಗೆದವನು. ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಸರಕಾರ ಕಟ್ಟಿದ ಹೊಸ ಊರಿನಲ್ಲಿ ಅವನ ಮನೆ. ಅಲ್ಲಿಂದ ಅವ್ವನಿಗೆಂದು ಹಾಲುಗಾಳಿನ ಎಳೆ ಜೋಳದ ಸೀತನಿ ತೆನೆ ತಂದಿದ್ದ. ತೋಟಾದೊಳಗಿನ ಸೀಸದ ಕಾಳು ಹೆಚ್ಚಿನವು ಹಿತ್ತಲ ಗೋಡೆಗೆ ಹೋದವು. ಉಳಿದವು ಅವನ ಎಡಗೈಗೆ, ಮಣಿಕಟ್ಟಿನಿಂದ ಬೆರಳಿನವರೆಗೆ. ತೆನೆಯ ಕಟ್ಟನ್ನು ಅವನು ಇನ್ನೂ ಬಲಗೈಯಲ್ಲಿ ಹಿಡಿದುಕೊಂಡೇ ಇದ್ದ. ನನ್ನ ದುಪಟ್ಟಾ ಹರಿದು ಕೈಗೆ ಬಿಗಿದೆ. ಹೈವೇಯಲ್ಲಿ ಒಂದು ಜೀಪು ನಿಲ್ಲಿಸಿ ಉಮರ್ಗಾದ ದವಾಖಾನೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅಣ್ಣ ಅಳುತ್ತಿದ್ದ. ಅವನು ಕೆಟ್ಟವನಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ಮುಂದೆ ನಡೆದದ್ದನ್ನು ನೆನೆದರೆ ಕೈ ನಿಲ್ಲುತ್ತದೆ.

ಸಂಜೆ ಅಪ್ಪ ನಿಲಂಗಾದಿಂದ ನೇರ ದವಾಖಾನೆಗೆ ಬಂದರು. ಪೊಲೀಸರು ಬರುವ ಮೊದಲು ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದರು.

"ಬಂದೂಕ ಒರಸುವಾಗ ಹಾರೇದ," ಎಂದರು. "ನೀ ಕಣ್ಣಿಲೆ ನೋಡಿದಾಕಿ. ನೀ ಹೇಳಿದ್ದೇ ಖರೆ ಆಗ್ತದ."

ನಾನು ಹಾಗೆಯೇ ಹೇಳಿದೆ. ಪೊಲೀಸರು ಮರಾಠಿಯಲ್ಲಿ ಬರೆದುಕೊಂಡರು, ಓದಿ ಹೇಳಿದರು, ಕೆಳಗೆ ಸಹಿ ಹಾಕಿದೆ. ಒಳಗೆ ಹಾಸಿಗೆಯ ಮೇಲೆ ಆ ಮನುಷ್ಯನೂ ಅದನ್ನೇ ಹೇಳಿ ಬಲಗೈ ಹೆಬ್ಬೆಟ್ಟು ಒತ್ತಿದ. ಅಪ್ಪ ಅವನ ಬಳಿ ಎಷ್ಟು ಹೊತ್ತು ಕೂತಿದ್ದರು, ಏನು ಹೇಳಿದರು ಎಂದು ನಾನು ಕೇಳಲಿಲ್ಲ.

ಸುದ್ದಿ ಮಾತ್ರ ತನ್ನದೇ ದಾರಿ ಹಿಡಿಯಿತು. ಆ ಮನೆಯಲ್ಲಿ ಗುಂಡು ಹೊಡೆಯಲು ಬರುವುದು ಹುಡುಗಿಗೆ, ಆಕೆಯೇ ಹೊಡೆದಿರಬೇಕು ಎಂದು ಮುರುಮದಿಂದ ನಿಲಂಗಾದವರೆಗೆ ಮಂದಿ ಆಡಿಕೊಂಡರು. ಅಪ್ಪ, ಅಣ್ಣ ಇಬ್ಬರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಲ್ಲ ಎಂದರೆ ಮತ್ತೆ ಯಾರು ಹೊಡೆದದ್ದು ಎಂಬ ಪ್ರಶ್ನೆ ಏಳುತ್ತಿತ್ತು. ನಿಲಂಗಾದವರು ಸಂಬಂಧ ಬೇಡವೆಂದರು. ಆ ಹುಡುಗನನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ, ಅವನಿಗಾಗಿ ದುಃಖವಾಗಲಿಲ್ಲ. ಆದರೆ ಅವರ ಚೀಟಿ ಓದಿದ ಅವ್ವ ನನ್ನತ್ತ ತಿರುಗಿ ಆ ಹಾಳು ಮಾಳಕ್ಕೆ ಯಾಕೆ ಹೋದೆ ಎಂದಳು. ಬಂದೂಕು ಬೇಕೆಂದವಳು ತಾನೇ ಎಂಬುದು ಅವಳಿಗೆ ನೆನಪಿರಲಿಲ್ಲ, ಇಲ್ಲವೇ ನೆನಪಿಟ್ಟುಕೊಳ್ಳುವ ಧೈರ್ಯವಿರಲಿಲ್ಲ.

ನಾನು ಉದಗೀರದಲ್ಲೇ ಶಾಲೆಯ ನೌಕರಿ ಹಿಡಿದೆ. ಸುಭೇದಾರರ ಮನೆಗೆ ಒಂದು ಸಲ ಹೋಗಿ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದೆ. ಅವರು ಸಹಿ ಹಾಕಿದೆಯಾ ಎಂದಷ್ಟೇ ಕೇಳಿದರು. ಹೂಂ ಎಂದೆ. ಬರುವ ಭಾನುವಾರ ಬಾ ಎಂದು ಅವರು ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

ಆ ಮನುಷ್ಯನ ಎಡಗೈಯ ಎರಡು ಬೆರಳು ಆಮೇಲೆ ಮಡಚಲೇ ಇಲ್ಲ. ಆದರೂ ಸುಗ್ಗಿಯಲ್ಲಿ ನಮ್ಮ ಹೊಲಕ್ಕೆ ಬರುತ್ತಿದ್ದ. ಹಿತ್ತಲಿಗೆ ಬರುವುದು ಬಿಟ್ಟ. ರಸ್ತೆಯ ಅಂಚಿನಲ್ಲಿ ನಿಂತು ತನ್ನ ಹೆಸರು, ತನ್ನ ಅಪ್ಪನ ಹೆಸರು ಕೂಗಿ ಹೇಳಿ, ಒಳಗಿನಿಂದ ಯಾರಾದರೂ ಬಾ ಎಂದ ಮೇಲೆಯೇ ಹೆಜ್ಜೆ ಇಡುತ್ತಿದ್ದ. ರಜೆಗೆ ಹೋದಾಗ ಒಮ್ಮೆ ಅವನು ಹಾಗೆ ಕೂಗುವುದನ್ನು ಕೇಳಿ ನಾನೇ ರಸ್ತೆಗೆ ಹೋದೆ. ನಾನು ಸುಳ್ಳು ಹೇಳಿದೆ, ತಪ್ಪಾಯಿತು ಎಂದೆ. ಅವನು ರಸ್ತೆಯ ಮೇಲಿನ ಲಾರಿಗಳ ಕಡೆ ನೋಡಿದ.

"ನೀವು ಏನ್ ಹೇಳೀರಿ ನನಗ ಗೊತ್ತದರೀ ಅಕ್ಕಾರ," ಎಂದ. "ನಾನೂ ಅದೇ ಹೇಳೀನಿ. ನಿಮಗ ಬ್ಯಾರೆ ಹೇಳ್ಲಿಕ್ಕೆ ಬರತಿತ್ತು. ನನಗ ಬರತಿದ್ದಿಲ್ಲ."

ಕುಡಗೋಲು ಬಗಲಲ್ಲಿ ಸಿಕ್ಕಿಸಿಕೊಂಡು ಹೊಲಕ್ಕಿಳಿದ. ನಾನು ಅದೇ ಸಂಜೆಯ ಬಸ್ಸಿಗೆ ಉದಗೀರಕ್ಕೆ ಹಿಂದಿರುಗಿದೆ.