ಮೇಡಂ ತಂದ ಬಾವಿ ನೀರು

ನೇರಳೆ ದೀಪದ ಕೆಳಗೆ ಮೇಡಂ ಅವರ ಹತ್ತೂ ಉಗುರು ನೀಲಿಯಾಗಿ ಹೊಳೆಯುತ್ತಿದ್ದವು. ಬಾಳೆಸಿಪ್ಪೆಯಿಂದ ತೆಗೆದ, ಆ ದೀಪಕ್ಕೆ ಹೊಳೆಯುವ ನ್ಯಾನೊ ಕಣಗಳನ್ನು ಅಂಟಿನಲ್ಲಿ ಕಲಸಿ ಕಾಗದದ ಪಟ್ಟಿಗೆ ಬಳಿಯುವುದು ನಮ್ಮ ಮೇಡಂ ಕೆಲಸ. ಕೈಗವಸಿಲ್ಲದೆ ಮುಟ್ಟಿದರೆ ನಮಗೆ ಬೈಯುವವರು, ತಾವು ಮಾತ್ರ ಬರಿಗೈಯಲ್ಲೇ ಬಳಿಯುತ್ತಿದ್ದರು. ಹೊಸಪೇಟೆಯ ಆ ಲ್ಯಾಬಿನಲ್ಲಿ ನಾನು ಅವರ ಶಿಷ್ಯ. ಪಟ್ಟಿಯನ್ನು ನೀರಿಗೆ ಅದ್ದಿ ದೀಪ ಹಿಡಿದರೆ ನೀಲಿ ಬೆಳಕು; ನೀರಲ್ಲಿ ಲೋಹವಿದ್ದರೆ ಬೆಳಕು ಮಂಕು.

ಲ್ಯಾಬಿನಲ್ಲಿ ಶುದ್ಧ ನೀರು ಭಟ್ಟಿ ಇಳಿಸುವ ಯಂತ್ರ ಕೆಟ್ಟಾಗ, ಹೋಲಿಸಿ ನೋಡಲು ಮೇಡಂ ಕಂಪ್ಲಿ ಕಡೆಯ ತಮ್ಮೂರ ಮನೆಯ ಬಾವಿ ನೀರನ್ನೇ ಕ್ಯಾನಿನಲ್ಲಿ ತಂದರು. ಆ ಬಾವಿಯೆಂದರೆ ಅವರಿಗೆ ಭಾರೀ ಜಂಭ. "ಎಳನೀರು ಇದ್ದಂಗ ಐತಲೇ, ಕುಡದು ನೋಡು," ಎನ್ನುವರು. ನಾವೂ ಲೋಟಗಟ್ಟಲೆ ಕುಡಿದೆವು.

ಸಂಡೂರಿನ ಕಡೆಯ ಒಂದು ಹಳ್ಳಿಯಲ್ಲಿ ಹೊಸ ಬೋರ್‌ವೆಲ್ ನೀರನ್ನು ಜನ ಅನುಮಾನಿಸಿ ಬರೀ ಬಟ್ಟೆ-ಪಾತ್ರೆಗೆ ಬಳಸುತ್ತಿದ್ದರು. ಅದಕ್ಕೆ ಅದ್ದಿದ ಪಟ್ಟಿಯೂ ಬಾವಿ ನೀರಿನ ಪಟ್ಟಿಯೂ ಒಂದೇ ಸಮ ಕಂಡವು. ಮೇಡಂ ಖುದ್ದು ಹೋಗಿ, "ಏನೂ ತೊಂದ್ರಿ ಇಲ್ರೀ, ಕುಡೀರಿ," ಎಂದು ಹೇಳಿ ಬಂದರು.

ತಿಂಗಳ ಮೇಲೆ ಯಂತ್ರ ರಿಪೇರಿಯಾಯಿತು. ಭಟ್ಟಿ ಇಳಿಸಿದ ನೀರಿಗೆ ಪಟ್ಟಿ ಅದ್ದಿ ದೀಪ ಹಾಕಿದೆ. ಅಷ್ಟು ಬೆಳಕನ್ನು ನಾವು ತಿಂಗಳಿಂದ ನೋಡಿಯೇ ಇರಲಿಲ್ಲ! ಹಾಗಾದರೆ ಬೋರ್‌ವೆಲ್ ನೀರೂ ಕೆಟ್ಟದ್ದು, ಬಾವಿ ನೀರೂ ಕೆಟ್ಟದ್ದು. ಮೇಡಂ ಮೂರು ಸಲ ಮಾಡಿಸಿದರು, ಮೂರು ಸಲವೂ ಅದೇ.

ಸಂಡೂರು ಬಸ್ಸಿನಲ್ಲಿ ನಾನು ಮೆಲ್ಲಗೆ, "ಮಷಿನ್ ಕೆಟ್ಟಿತ್ತು ಅಂತ ಹೇಳೋಣ್ರಿ ಮೇಡಂ," ಎಂದೆ.

"ಕುಡೀರಿ ಅಂತ ಮಷಿನ್ ಹೇಳಿತ್ತೇನಲೇ?"

ಆ ಹಳ್ಳಿಯ ಹೆಂಗಸರ ಎದುರು ನಿಂತು ಮೇಡಂ, "ನಾನು ಹೇಳಿದ್ದು ತಪ್ಪಾಗೈತ್ರಿ. ಈ ನೀರು ಕುಡೀಬ್ಯಾಡ್ರಿ," ಎಂದರು. ಬಸುರಿಯೊಬ್ಬಳು ಕೊಡ ಕೆಳಗಿಟ್ಟು, "ನಿಮ್ಮ ಮಾತು ಕೇಳೇ ಕುಡದೇನಲ್ರೀ," ಅಂದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು.

ವಾಪಸು ಬರುವಾಗ ನನಗೆ ಥಟ್ಟನೆ ಹೊಳೆಯಿತು: ಮೇಡಂ ಊರಿನ ಮನೆಯಲ್ಲಿ ಅವರ ತಾಯಿ ಆ ಬಾವಿ ನೀರನ್ನೇ ಕುಡಿಯುತ್ತಿದ್ದಾರೆ. ಮೊದಲು ಅಲ್ಲಿಗೆ ಫೋನ್ ಮಾಡಬೇಕಿತ್ತಲ್ಲ ಎಂದೆ. ಎಷ್ಟೋ ಕಾಲದ ಮೇಲೆ, ಹೋದ ವರ್ಷ ಮೇಡಂ ತೀರಿಕೊಂಡ ಸುದ್ದಿ ಬಂದಾಗಲೂ, ಅಂದು ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿ ಅವರು ಕೊಟ್ಟ ಉತ್ತರವೇ ನನ್ನ ಕಿವಿಯಲ್ಲಿತ್ತು.

"ನಮ್ಮವ್ವ ಮದಿವ್ಯಾಗಿ ಬಂದಾಗಿಂದ ಅದನ್ನ ಕುಡೀತಾಳ. ಇವ್ರು ನಾನು ಹೇಳಿದ ಮ್ಯಾಲ ಕುಡದಾರ."