ಜಿಯಾವುಲ್ಲಾ ಅವರ ಮಾತಿನ ದಾರಿ

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಜಿಯಾವುಲ್ಲಾ ಅವರ ಕನ್ನಡಕದ ಅಂಗಡಿ ಇದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬಾಗಿಲಾಚೆ ಕಾಯಬೇಕು, ಅಷ್ಟು ಸಣ್ಣದು. ಎದುರು ಗೋಡೆಯ ಮೇಲೆ ನಾಲ್ಕು ಅಕ್ಷರದ ಬೋರ್ಡುಗಳಿವೆ. ಒಂದು ಕನ್ನಡದ್ದು, ಒಂದು ತಮಿಳಿನದು, ಉರ್ದುವಿನದು, ಇಂಗ್ಲಿಷಿನದು. ಬಂದವರು ಓದಬಲ್ಲ ಭಾಷೆ ಯಾವುದೋ ಆ ಬೋರ್ಡಿಗೆ ಲೈಟು ಹಾಕಿ, ಕಡ್ಡಿಯಿಂದ ಒಂದೊಂದೇ ಅಕ್ಷರ ತೋರಿಸಿ, ಗಾಜು ಬದಲಿಸುತ್ತಾ, "ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ?" ಎಂದು ಕೇಳುವುದು ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದರು. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಹಳೆಯ ಗಿರಾಕಿಗಳೊಡನೆ ತಮಿಳು. ಒಂದರಿಂದ ಇನ್ನೊಂದಕ್ಕೆ ಯಾವಾಗ ದಾಟಿದೆನೆಂದು ಅವರಿಗೇ ತಿಳಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಮಧ್ಯಾಹ್ನ, ಹಲಸೂರಿನ ದೇವಸ್ಥಾನದ ಬಳಿ ಹೂವು ಮಾರುವ ಆಂಜನಮ್ಮ ಕಣ್ಣು ತೋರಿಸಲು ಬಂದಿದ್ದರು. ಇಪ್ಪತ್ತು ವರ್ಷದ ಪರಿಚಯ. ಕನ್ನಡ ಬೋರ್ಡಿಗೆ ಲೈಟು ಬಿತ್ತು. ಆಂಜನಮ್ಮ ಮೊದಲ ಸಾಲು ಓದಿದರು, ಎರಡನೆಯದು ಓದಿದರು. ಮೂರನೆಯ ಸಾಲಿನಲ್ಲಿ 'ರ'ವನ್ನು 'ಠ' ಎಂದರು.

ಜಿಯಾವುಲ್ಲಾ ತಿದ್ದಲು ಬಾಯಿ ತೆರೆದರು.

ಅಕ್ಷರ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಅದರ ಗುಂಡಗಿನ ಮೈ, ಮೇಲಿನ ತಲೆಕಟ್ಟು, ಎಲ್ಲವೂ ಪರಿಚಿತ. ಅದರ ಶಬ್ದ ಮಾತ್ರ ಇರಲಿಲ್ಲ. ಯಾರೋ ಮೆಲ್ಲಗೆ ಬಂದು, ಬೋರ್ಡನ್ನು ಅಲ್ಲೇ ಬಿಟ್ಟು, ಶಬ್ದವನ್ನಷ್ಟೇ ಎತ್ತಿಕೊಂಡು ಹೋದ ಹಾಗಿತ್ತು. ಹೆದರಿಕೆ ಎನಿಸಲಿಲ್ಲ. ಮಧ್ಯಾಹ್ನದ ನಿದ್ದೆ ಹತ್ತುವ ಮುಂಚಿನ ಹಗುರ, ಅಷ್ಟೇ.

"ಏನ್ ಭಾಯ್, ತಪ್ಪು ಓದಿದ್ರೆ ಬೈತಿದ್ರಿ, ಇವತ್ತು ಸುಮ್ನಾಗ್ಬಿಟ್ರಿ?" ಎಂದರು ಆಂಜನಮ್ಮ.

"ಕಿಟಕಿ ನಾಳೆ ರೆಡಿ ಇರುತ್ತೆ," ಎಂದರು ಜಿಯಾವುಲ್ಲಾ.

ಕನ್ನಡಕ ಎನ್ನಬೇಕಿತ್ತು. ಆಂಜನಮ್ಮ ನಕ್ಕರು, ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದರು.

ಮುಂದಿನ ದಿನಗಳಲ್ಲಿ ಮಾತುಗಳು ಒಂದೊಂದಾಗಿ ಜಾಗ ಬಿಟ್ಟವು. ಬೀಗ ಎನ್ನಲು ಹೋದರೆ ಬಾಳೆ ಬರುತ್ತಿತ್ತು. ತಮಿಳಿನ ಮಾತು ಕನ್ನಡದ ನಡುವೆ ಬಂದು ಕೂರುತ್ತಿತ್ತು. ಒಂದು ಬೆಳಿಗ್ಗೆ ಚಹಾ ಕಲಕುತ್ತಿದ್ದವರ ಬಲಗೈ ತಾನಾಗಿ ಅದುರಿತು, ಚಮಚ ಕೆಳಗೆ ಬಿತ್ತು, ಬಾಯಿ ಒಂದು ಕಡೆಗೆ ಎಳೆಯಿತು. ಹೆಂಡತಿ ಶರ್ಫುನ್ನೀಸಾ ಪಕ್ಕದ ಮನೆಯವರ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು.

ಸ್ಕ್ಯಾನಿನಲ್ಲಿ ಮೆದುಳಿನೊಳಗೆ ಗಡ್ಡೆ ಕಾಣಿಸಿತು. ಎಡಗಿವಿಯ ಮೇಲೆ, ಕೋಳಿಮೊಟ್ಟೆಯಷ್ಟು. ನಿಧಾನವಾಗಿ ಬೆಳೆಯುವ ಜಾತಿಯದಿರಬಹುದು ಎಂದರು ಡಾಕ್ಟರು. ನಂತರ ಇನ್ನೊಂದು ಚಿತ್ರ ತೋರಿಸಿದರು. ಮಾತನ್ನು ಕೇಳಿ ಅರ್ಥಮಾಡಿಕೊಳ್ಳುವ ಜಾಗದಿಂದ ಮಾತಾಡಿಸುವ ಜಾಗಕ್ಕೆ ನರದ ಎಳೆಗಳ ಒಂದು ಕಟ್ಟು ಕಮಾನಿನಂತೆ ಬಾಗಿ ಹೋಗುತ್ತದೆ. ಜಿಯಾವುಲ್ಲಾ ಅವರ ಚಿತ್ರದಲ್ಲಿ ಆ ಕಮಾನು ಗಡ್ಡೆಯ ಬಳಿ ಬಂದು ಮುಗಿದುಹೋಗಿತ್ತು.

"ಗಡ್ಡೆ ತೆಗೆದರೆ ಮಾತು ಪೂರ್ತಿ ಹೋಗಬಹುದು. ಬಿಟ್ಟರೆ ಅದೇ ನಿಧಾನಕ್ಕೆ ಮಾತು ತೆಗೆಯುತ್ತೆ," ಎಂದರು ಡಾಕ್ಟರು. ಆಮೇಲೆ ಈ ತರದ ಸ್ಕ್ಯಾನಿನ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದ ಇನ್ನೊಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಅವರಿಗೆ ಕಾವೇರಿ ಸಿಕ್ಕಿದ್ದು. ಕತ್ತರಿ ಹಿಡಿಯುವ ಡಾಕ್ಟರಲ್ಲ; ಸ್ಕ್ಯಾನಿನಿಂದ ಬಂದ ಅಂಕಿಗಳನ್ನು ಚಿತ್ರ ಮಾಡುವ ಲೆಕ್ಕದವರು. ಮೂವತ್ತೈದರ ಆಸುಪಾಸಿನ ಹೆಂಗಸು, ಮಾತು ಮೆಲ್ಲಗೆ. ಗಂಡ ಹೆಂಡತಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ಹೇಳಿದರು.

"ಮೆದುಳಲ್ಲಿ ಎಲ್ಲಾ ಕಡೆ ನೀರಿದೆ ಸರ್. ಅದು ಸದಾ ಅಲುಗಾಡ್ತಿರುತ್ತೆ. ನರದ ಎಳೆ ಇದ್ದ ಕಡೆ, ಎಳೆಯ ಉದ್ದಕ್ಕೆ ಸಲೀಸಾಗಿ ಹೋಗುತ್ತೆ, ಅಡ್ಡಕ್ಕೆ ಹೋಗೋದು ಕಷ್ಟ. ಮಷೀನು ಬೇರೆ ಬೇರೆ ದಿಕ್ಕಿಂದ ಆ ಅಲುಗಾಟ ಅಳೆಯುತ್ತೆ. ನೀರು ಯಾವ ಕಡೆ ಹೋಗ್ತಿದೆ ಅಂತ ನೋಡಿ, ಎಳೆ ಹೀಗೆ ಹೋಗಿರ್ಬೇಕು ಅಂತ ನಾವು ದಾರಿ ಬಿಡಿಸ್ತೀವಿ."

"ದಾರಿ ಮುಗಿದಿದೆ ಅಂದ್ರಲ್ಲ ಅವರು?" ಶರ್ಫುನ್ನೀಸಾ ಕೇಳಿದರು.

"ಗಡ್ಡೆ ಸುತ್ತ ಊತ ಇದೆ ಅಮ್ಮ. ಊತದ ನೀರಿಗೆ ದಿಕ್ಕಿಲ್ಲ, ಎಲ್ಲಾ ಕಡೆ ಹರಿಯುತ್ತೆ. ಹಳೇ ಲೆಕ್ಕ ಅಲ್ಲಿಗೆ ಬಂದಾಗ ತಬ್ಬಿಬ್ಬಾಗಿ ನಿಂತ್ಬಿಡುತ್ತೆ. ದಾರಿ ಇಲ್ಲ ಅಂತಲ್ಲ. ಕಾಣ್ತಿಲ್ಲ ಅಂತ. ಈಗ ಊತದ ನೀರನ್ನ ಲೆಕ್ಕದಲ್ಲೇ ಬೇರೆ ಮಾಡಿ ಇಡೋ ವಿಧಾನ ಬಂದಿದೆ. ಅದಕ್ಕೆ ಇನ್ನೂ ಸ್ವಲ್ಪ ಉದ್ದದ ಸ್ಕ್ಯಾನ್ ಬೇಕು."

ಜಿಯಾವುಲ್ಲಾ ಏನೋ ಹೇಳಲು ಹೊರಟು ತಡವರಿಸಿದರು. ಕೈಯನ್ನು ಕಣ್ಣ ಮುಂದೆ ಆಡಿಸಿದರು. "ಪೊ... ಪೊರೆ," ಎಂದರು ಕೊನೆಗೆ.

ಕಾವೇರಿ ನಕ್ಕರು. "ಹೌದು ಸರ್. ಕಣ್ಣಿಗೆ ಪೊರೆ ಬಂದ ಹಾಗೇ."

ಆ ಸ್ಕ್ಯಾನು ಮುಕ್ಕಾಲು ಗಂಟೆ. ಅಲುಗಾಡುವ ಹಾಗಿಲ್ಲ. ಕೊಳವೆಯೊಳಗೆ ಹೋದ ಮೇಲೆ ಮೊದಲು ಬಡಿಯುವ ಸದ್ದು, ಆಮೇಲೆ ಗರಗರ, ಆಮೇಲೆ ಮಲಗಿದ ಹಲಗೆಯೇ ಮೆಲ್ಲಗೆ ನಡುಗತೊಡಗಿತು. ಆ ನಡುಕದಲ್ಲಿ ಜಿಯಾವುಲ್ಲಾ ಎಲ್ಲಿಗೋ ಹೋದರು. ಹಲಸೂರು ಕೆರೆಯ ಮೇಲೆ ದೋಣಿ. ಅಪ್ಪ, ಅವರ ಅಬ್ಬಾ, ಹುಟ್ಟು ಹಾಕುತ್ತಿದ್ದಾರೆ. ತಾನು ಏಳು ವರ್ಷದವನು, ಕೈ ನೀರಿನೊಳಗಿದೆ. ನೀರು ಬೆರಳುಗಳ ನಡುವೆ ಹರಿದು ಹೋಗುತ್ತಿದೆ, ಯಾವ ಕಡೆಗೆ ಎಂದು ತಿಳಿಯುವುದಿಲ್ಲ. ಅಬ್ಬಾ ಏನೋ ಹೇಳುತ್ತಿದ್ದಾರೆ. ಬಾಯಿ ಆಡುತ್ತಿದೆ, ಸದ್ದಿಲ್ಲ, ಆದರೂ ಎಲ್ಲ ಅರ್ಥವಾಗುತ್ತಿದೆ. ಹಲಗೆ ಹೊರಗೆ ಜಾರಿ ಬಂದಾಗ ಅವರಿಗೆ ಏಳಲು ಮನಸ್ಸಿರಲಿಲ್ಲ.

ಹತ್ತು ದಿನದ ಮೇಲೆ ಕಾವೇರಿ ಹೊಸ ಚಿತ್ರ ತೋರಿಸಿದರು. ಕಪ್ಪು ಪರದೆಯಲ್ಲಿ ಬಣ್ಣದ ಎಳೆಗಳು. ಹಿಂದಿನಿಂದ ಮುಂದಕ್ಕೆ ಹೋಗುವವು ಹಸಿರು, ಎಡದಿಂದ ಬಲಕ್ಕೆ ಹೋಗುವವು ಕೆಂಪು, ಮೇಲಿನಿಂದ ಕೆಳಗಿಳಿಯುವವು ನೀಲಿ. ಅವುಗಳ ನಡುವೆ ಆ ಕಮಾನು. ಗಡ್ಡೆಯ ಬಳಿ ಅದು ನಿಂತಿರಲಿಲ್ಲ. ಹೊರಮಗ್ಗುಲಿಗೆ ತಳ್ಳಿಸಿಕೊಂಡು, ಒಂದು ಕಡೆ ತೀರ ತೆಳ್ಳಗಾಗಿ, ಸುತ್ತು ಹಾಕಿ ಮತ್ತೆ ತನ್ನ ದಾರಿ ಸೇರಿತ್ತು.

ಶರ್ಫುನ್ನೀಸಾ ಬಹಳ ಹೊತ್ತು ನೋಡಿದರು. "ಇದರಲ್ಲಿ ಕನ್ನಡ ಯಾವ್ದು? ನಮ್ ಮನೆ ಮಾತು ಯಾವ್ದು?"

"ಹಾಗೆ ಹೇಳಕ್ಕಾಗಲ್ಲ ಅಮ್ಮ. ದಾರಿ ಕಾಣುತ್ತೆ, ಅದರಲ್ಲಿ ಯಾರ್ ಓಡಾಡ್ತಾರೆ ಅಂತ ಕಾಣಲ್ಲ. ಇನ್ನೊಂದು ಮಾತು, ಇದು ಲೆಕ್ಕ ಬಿಡಿಸಿದ ಚಿತ್ರ. ತಪ್ಪೂ ಇರಬಹುದು. ಅದಕ್ಕೇ ಆಪರೇಷನ್ ಹೊತ್ತಲ್ಲಿ ಸರ್ ಎಚ್ಚರವಾಗಿರ್ಬೇಕು, ಮಾತಾಡ್ತಿರ್ಬೇಕು. ಸರ್ಜನ್ ನಮ್ ಚಿತ್ರ ನೋಡ್ಕೊಂಡು ಹೋಗ್ತಾರೆ, ಆದರೆ ನಂಬೋದು ಸರ್ ಬಾಯನ್ನ."

ಎಚ್ಚರವಾಗಿ ಎಂದ ಕೂಡಲೇ ಶರ್ಫುನ್ನೀಸಾ ಗಂಡನ ತೋಳು ಹಿಡಿದು, "ನಕ್ಕೊ ಜಿ," ಎಂದರು. ಬೇಡ ಎಂದು. ಜಿಯಾವುಲ್ಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ತೆಳ್ಳಗಾದ ಜಾಗವನ್ನು ಬೆರಳಿನಿಂದ ಮುಟ್ಟಿ, ತಲೆಯಾಡಿಸಿದರು. ಆಗಲಿ ಎಂದು.

ತಯಾರಿಗೆ ಮೂರು ವಾರ ಹಿಡಿಯಿತು. ಆಪರೇಷನ್ ಹೊತ್ತಲ್ಲಿ ತೋರಿಸಲು ರೋಗಿ ದಿನವೂ ಬಳಸುವ ಸಾಮಾನುಗಳ ಫೋಟೋ, ಅವುಗಳ ಹೆಸರು ಕೇಳುವ ಪರಿಚಿತ ದನಿಯ ರೆಕಾರ್ಡಿಂಗು ಬೇಕೆಂದರು ಆಸ್ಪತ್ರೆಯವರು. ಮನೆಯ ಸಾಮಾನುಗಳ ಫೋಟೋ ತೆಗೆದದ್ದಾಯಿತು; ಅವುಗಳ ಹೆಸರನ್ನು ದಖ್ಖನಿಯಲ್ಲಿ ಕೇಳುವ ದನಿ ಶರ್ಫುನ್ನೀಸಾ ಅವರದು. ಕನ್ನಡಕ್ಕೆ ಯಾರು ಎಂದಾಗ ಆಂಜನಮ್ಮ ಹೂವಿನ ಬುಟ್ಟಿಯನ್ನೇ ತಂದು ಅವರ ಮನೆಯ ನಡುಮನೆಯಲ್ಲಿ ಸುರಿದರು.

"ಇದೇನು ಭಾಯ್?"

"ಸೇವಂತಿಗೆ."

"ಇದು?"

"ಮರುಗ."

"ಇದು?"

ಅವರು ಆ ಕೇಸರಿ ಹೂವನ್ನು ಕೈಯಲ್ಲಿ ತಿರುಗಿಸಿದರು. ಬಲು ನಿಧಾನಕ್ಕೆ, "ಕನಕಾಂಬರ," ಎಂದರು. ಆಂಜನಮ್ಮ ಕಣ್ಣೊರೆಸಿಕೊಂಡು, "ಇಷ್ಟೇ ಸಾಕು, ದೇವ್ರು ದೊಡ್ಡೋನು," ಎಂದರು.

ಆಪರೇಷನ್ನಿನ ಬೆಳಿಗ್ಗೆ ತಲೆಯ ಚರ್ಮಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಸ್ವಲ್ಪ ಹೊತ್ತು ನಿದ್ದೆ ಮಾಡಿಸಿ, ಮತ್ತೆ ಎಬ್ಬಿಸಿದರು. ಅವರಿಗೆ ಕಾಣುತ್ತಿದ್ದುದು ಹಸಿರು ಬಟ್ಟೆಯ ಗುಡಾರ, ಅದರೊಳಗೆ ಒಂದು ಸಣ್ಣ ಪರದೆ, ಪಕ್ಕದಲ್ಲಿ ಕೂತ ನರ್ಸಿನ ಕೈ. ಮೆದುಳಿಗೆ ನೋವು ತಿಳಿಯುವುದಿಲ್ಲ ಎಂದಿದ್ದರು, ತಿಳಿಯಲೂ ಇಲ್ಲ. ದೂರದಲ್ಲೆಲ್ಲೋ ಯಾರೋ ಗೋಡೆಗೆ ಸುಣ್ಣ ಬಳಿಯುತ್ತಿರುವ ಹಾಗೆ ಅನಿಸುತ್ತಿತ್ತು.

ಪರದೆಯಲ್ಲಿ ಚಮಚ ಬಂತು. ಶರ್ಫುನ್ನೀಸಾ ದನಿ ಕೇಳಿತು. "ಚಮ್ಚಾ," ಎಂದರು. ಸೇವಂತಿಗೆ ಬಂತು, ಆಂಜನಮ್ಮನ ದನಿ ಬಂತು. ಹೇಳಿದರು. ಮಲ್ಲಿಗೆ. ಹೇಳಿದರು. ನಂತರ ಕೇಸರಿ ಹೂವು.

"ಇದು..."

ಹೂವು ಅಲ್ಲೇ ಇತ್ತು. ಅದಕ್ಕೆ ವಾಸನೆ ಇಲ್ಲವೆಂಬುದು ಗೊತ್ತಿತ್ತು, ಅದನ್ನು ಕಟ್ಟುವ ಬೆರಳುಗಳು ಗೊತ್ತಿದ್ದವು. ಹೆಸರಿನ ಜಾಗದಲ್ಲಿ ಮಾತ್ರ ವಿಶಾಲವಾದ ಮೌನ. ಸಮಯ ನಿಂತಿತೋ ಎಂಬಂಥ ಮೌನ. ಅದರಲ್ಲಿ ಅವರು ತೇಲುತ್ತಿದ್ದರು, ಹೆಸರಿಲ್ಲದ ಹೂವಿನ ಜೊತೆ, ತಮಗೂ ಹೆಸರಿಲ್ಲದೆ.

"ಇಲ್ಲಿ ಬೇಡ," ಎಂದಿತು ಸರ್ಜನರ ದನಿ, ಬಹಳ ದೂರದಿಂದ. ಮುಟ್ಟಿದ ಕಡೆ ಮಾತನ್ನು ಕ್ಷಣಕಾಲ ನಿಲ್ಲಿಸಿ ನೋಡುವ ಸಣ್ಣ ಕರೆಂಟಿನ ಕಡ್ಡಿಯನ್ನು ಅವರು ಆ ಜಾಗದಿಂದ ತೆಗೆದಿದ್ದರು.

"ಕನಕಾಂಬರ," ಎಂದರು ಜಿಯಾವುಲ್ಲಾ.

ಮಾತು ನಿಂತ ಆ ಜಾಗ, ಕಾವೇರಿಯವರ ಚಿತ್ರದಲ್ಲಿ ಕಮಾನು ತೆಳ್ಳಗಾಗಿದ್ದ ಕಡೆಯೇ ಇತ್ತೆಂದು ಆಮೇಲೆ ತಿಳಿಯಿತು. ಅಲ್ಲಿ ಗಡ್ಡೆಯ ಒಂದು ತೆಳು ಪದರವನ್ನು ಮುಟ್ಟದೆ ಬಿಟ್ಟರು. ಉಳಿದದ್ದನ್ನು ತೆಗೆದರು.

ಮರುದಿನದಿಂದ ಬಾಯಿ ಕಟ್ಟಿತು. ಊತ ಇಳಿಯುವ ತನಕ ಹೀಗಿರುತ್ತದೆ ಎಂದು ಮೊದಲೇ ಹೇಳಿದ್ದರೂ ಶರ್ಫುನ್ನೀಸಾ ಊಟ ಬಿಟ್ಟರು. ನಾಲ್ಕನೆಯ ದಿನ ನರ್ಸು ಗಂಜಿ ತಂದಾಗ ಜಿಯಾವುಲ್ಲಾ ಮುಖ ತಿರುಗಿಸಿ, "ನಕ್ಕೊ," ಎಂದರು. ಶರ್ಫುನ್ನೀಸಾ ಅಳುತ್ತಾ ನಗುತ್ತಾ ವಾರ್ಡಿಗೆಲ್ಲ ಅದನ್ನು ಹೇಳಿಕೊಂಡು ಬಂದರು. ಕನ್ನಡ ಬರಲು ಹನ್ನೊಂದು ದಿನವಾಯಿತು. ತಮಿಳು ಇವತ್ತಿಗೂ ಅರ್ಧವೇ. ಹಳೆಯ ಗಿರಾಕಿಗಳು ತಮಿಳಿನಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಕನ್ನಡದಲ್ಲಿ ಹೊರಡುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿದೆ. ಬಿಟ್ಟ ಪದರ ಈವರೆಗೆ ಬೆಳೆದಿಲ್ಲ.

ಹೋದ ತಿಂಗಳು ಕಾವೇರಿ ಫೋನ್ ಮಾಡಿದರು. ಕೆ.ಆರ್. ಪುರದಲ್ಲಿ ಭೀಮಬಾಯಿ ಎಂಬ ಹೆಂಗಸಿದ್ದಾರೆ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅದೇ ಜಾಗದಲ್ಲಿ ಗಡ್ಡೆ. ಎಚ್ಚರವಿರಬೇಕು ಎಂದ ಮೇಲೆ ಆಸ್ಪತ್ರೆ ಕಡೆ ಬಂದಿಲ್ಲ. ಅವರ ಒಪ್ಪಿಗೆ ಕೇಳಿಯೇ ಫೋನ್ ಮಾಡುತ್ತಿದ್ದೇನೆ, ಒಂದು ಸಲ ನೀವು ಮಾತಾಡುತ್ತೀರಾ ಎಂದು ಕೇಳಿದರು. ಗಂಡ ಹೆಂಡತಿ ಎಂ.ಜಿ. ರೋಡಿನಲ್ಲಿ ಮೆಟ್ರೋ ಹತ್ತಿ ಹೋದರು.

ಶೀಟಿನ ಮಾಡಿನ ಬಾಡಿಗೆ ಕೋಣೆ. ಭೀಮಬಾಯಿ ಗೋಡೆಗೊರಗಿ ಕೂತಿದ್ದರು. ಅವರ ಗಂಡ ರಾಮಣ್ಣ ಚಾಪೆ ಹಾಸಿದರು.

"ತಲಿ ತೆರೆದಾಗ ಎಚ್ಚರ ಇರಬೇಕಂತ್ರಿ. ನಾ ಒಲ್ಲೆ," ಎಂದರು ಭೀಮಬಾಯಿ.

"ನೋವು... ಆಗಲ್ಲ ಅಮ್ಮ," ಎಂದರು ಜಿಯಾವುಲ್ಲಾ. ಮಾತು ಹುಡುಕಿಕೊಂಡು ಮುಂದುವರಿದರು. "ಚಿತ್ರ ತೋರಿಸ್ತಾರೆ. ಹೆಸರು ಹೇಳ್ಬೇಕು. ಒಂದ್ಸಲ ಹೆಸರು ಹೋಗ್ಬಿಡುತ್ತೆ. ಆಗ ಭಯ ಬೀಳ್ಬೇಡಿ. ಅಲ್ಲಿ ಕೈ ಹಾಕ್ಬಾರ್ದು ಅಂತ ಡಾಕ್ಟ್ರಿಗೆ ಗೊತ್ತಾಗೋದೇ ಹಾಗೆ. ಸ್ವಲ್ಪ ಕಾದ್ರೆ ಬರುತ್ತೆ."

"ಬರಲಿಲ್ಲಂದ್ರ?"

ಜಿಯಾವುಲ್ಲಾ ಸುಳ್ಳು ಹೇಳಲಿಲ್ಲ. "ನಂಗೆ ತಮಿಳು ಪೂರ್ತಿ ಬರ್ಲಿಲ್ಲ," ಎಂದರು.

ಭೀಮಬಾಯಿ ಅವರನ್ನೇ ನೋಡಿದರು. ಆಮೇಲೆ ಶರ್ಫುನ್ನೀಸಾ ಕಡೆ ತಿರುಗಿ, "ಮೊದಲೂ ಹಿಂಗ ಸಾವಕಾಶ ಮಾತಾಡ್ತಿದ್ರೇನ್ರಿ ಇವರು?" ಎಂದು ಕೇಳಿದರು.

"ಎಲ್ಲಿ! ಒಂದೇ ಸಮನೆ ಮಾತು. ನಂಗೆ ಇದೇ ವಾಸಿ," ಎಂದರು ಶರ್ಫುನ್ನೀಸಾ.

ರಾಮಣ್ಣ ಮೊದಲು ನಕ್ಕರು. ಭೀಮಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಎದ್ದು ಒಲೆಯ ಬಳಿ ಹೋಗಿ, ಬಿಸಿ ರೊಟ್ಟಿ, ಹಿಂಡಿಪಲ್ಯ ಹಾಕಿದ ತಟ್ಟೆಗಳನ್ನು ತಂದು ಇಬ್ಬರ ಮುಂದಿಟ್ಟರು. ಹೊರಗೆ ಮಳೆಯ ಮೋಡ ಕವಿದು ಕೋಣೆ ಮಬ್ಬಾಗಿತ್ತು. ಯಾರಿಗೂ ಲೈಟು ಹಾಕುವ ಮನಸ್ಸಿರಲಿಲ್ಲ.

"ಮಂಗಳವಾರ ಬರ್ತೀನಂತ ಆ ಮೇಡಂಗ ಹೇಳ್ರಿ," ಎಂದರು ಭೀಮಬಾಯಿ. "ಈಗ ಉಣ್ರಿ."